ನಲವತ್ತು ದಿನದ ದಾರಿ

ಗಾಣದ ಮನೆ,
ವಾರದ ರಜೆಯ ದಿನ

ನನ್ನ ಪ್ರೀತಿಯ ಗಿಣಿಯಕ್ಕನಿಗೆ,

ನಿನ್ನ ತಮ್ಮ, ಗಾಣದ ಎತ್ತು, ಮಾಡುವ ನಮಸ್ಕಾರ. ಉತ್ತರ ತಡವಾಯಿತು, ಬೈಯಬೇಡ. ಎಳ್ಳಿನ ಮೂಟೆಗಳು ಬಾಗಿಲ ತನಕ ಬಂದು ಬಿದ್ದಿದ್ದವು. ಕಣ್ಣುಪಟ್ಟಿ ಬಿಚ್ಚುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಪತ್ರ ಹೊತ್ತು ಬರುವ ಕಾಗೆ ಇದನ್ನು ಕಣ್ಣು ಕಾಣದ ನಿನಗೆ ಓದಿ ಹೇಳುವಾಗ ನಡುವೆ ತನ್ನ ಮಾತು ಸೇರಿಸೀತು, ಎಚ್ಚರ.

ನೀನು ಈಗ ನಿನ್ನದೇ ಸ್ವರದಲ್ಲಿ ಹಾಡುತ್ತೀಯಂತೆ, ಕೇಳಲು ಕಾಡಿನ ಹಕ್ಕಿಗಳೆಲ್ಲ ಮರದ ತುಂಬ ಕೂರುತ್ತವಂತೆ. ಇದನ್ನು ನಾನು ಕತ್ತೆಗೆ ಮೂರು ಸಲ ಹೇಳಿದೆ. ನಾವು ಹೊರಟ ದಿನ ಹಲ್ಲು ಕಿರಿದದ್ದು ಅದೇ ತಾನೆ? ಒಬ್ಬಳಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ಬುದ್ಧಿಯಿಲ್ಲ ಎಂದಿತ್ತು. ಈಗ ಬಂದವರಿಗೆಲ್ಲ, ಆ ಗಿಣಿ ನಮ್ಮ ಮನೆಯವಳು ಎಂದು ಅದೇ ಕೊಚ್ಚಿಕೊಳ್ಳುತ್ತದೆ. ನಿನ್ನನ್ನು ಕೊಂಬಿನ ಮೇಲೆ ಕೂರಿಸಿಕೊಂಡು ಹೋದವನು ನಾನು ಅಂತ ನನಗೂ ಎದೆ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ.

ಅಂಗಡಿಯ ಪಂಜರದಲ್ಲಿ ದಿನವಿಡೀ "ಬನ್ನಿ ಬನ್ನಿ, ತಾಜಾ ಎಣ್ಣೆ" ಎನ್ನುತ್ತಿದ್ದವಳು ಒಂದು ಮಧ್ಯಾಹ್ನ ತಟ್ಟನೆ ಸುಮ್ಮನಾದೆ. ಆಮೇಲೆ ನನ್ನನ್ನು ಕರೆದು ಹೇಳಿದೆ: "ಬಾಯಿ ನಂದು, ಮಾತೆಲ್ಲ ಗಾಣಿಗಂದು ಕಣೋ. ಒಳಗೆ ನಂದು ಅಂತ ಒಂದು ದನಿಯಾದ್ರೂ ಇದೆಯಾ ನೋಡ್ಬೇಕು. ಕಾಡಿನ ನಡುವೆ, ಮನುಷ್ಯರ ಸದ್ದೇ ಇಲ್ಲದ ಕಡೆ ಕರ್ಕೊಂಡು ಹೋಗು." ನಾನು ಕೊಂಬಿನಿಂದ ಪಂಜರದ ಕೊಂಡಿ ಎತ್ತಿದೆ.

ನಲವತ್ತು ದಿನ ನಡೆದೆವು. ಮುಳ್ಳು, ಕೆಸರು, ಚಿರತೆಯ ಹೆಜ್ಜೆ. ನೀನು ಒಮ್ಮೆಯೂ ಸಾಕು ಎನ್ನಲಿಲ್ಲ. ನಲವತ್ತನೆಯ ಸಂಜೆ ಆ ದೊಡ್ಡ ಮರದ ಕೆಳಗೆ ನೀನೇ, ಇದೇ ಜಾಗ, ಇಲ್ಲಿಗೆ ಯಾರೂ ಬಂದಿಲ್ಲ ಎಂದೆ. ಮರುದಿನ ಬೆಳಗಾಗುವಾಗ ನಿನ್ನ ಗಂಟಲಿಂದ ಬಂದ ಸ್ವರವನ್ನು ಯಾರೂ ನಿನಗೆ ಕಲಿಸಿರಲಿಲ್ಲ. ನಾನು ಮೇವು ಬಿಟ್ಟು ನಿಂತು ಕೇಳಿದೆ. ಅಷ್ಟು ಹೆಮ್ಮೆ ನನಗೆ ಹುಟ್ಟಿದಂದಿನಿಂದ ಆಗಿರಲಿಲ್ಲ.

"ಎರಡು ವರ್ಷವಾಯಿತು, ನಿನ್ನನ್ನು ನೋಡುವ ಆಸೆ, ಆದರೆ ನಲವತ್ತು ದಿನದ ದಾರಿ, ಈ ವಯಸ್ಸಿನಲ್ಲಿ ನಿನಗೆ ಬೇಡ" ಎಂದು ಹೇಳಿ ಕಳಿಸಿದ್ದೀಯ. ಹೌದಕ್ಕ, ಮೊಣಕಾಲು ನೋವು.

ನೀನು ಕೂತ ಮರ ಸದಾ ಹಣ್ಣು ಬಿಡಲಿ. ಹಾವಿನ ಕಣ್ಣು ನಿನ್ನ ಮೇಲೆ ಬೀಳದಿರಲಿ.

ಇಂತಿ ನಿನ್ನ ತಮ್ಮ,
ಗಾಣದ ಎತ್ತು

ಮರೆತ ಮಾತು: ಮರೆತದ್ದಲ್ಲ, ಬಾಯಿ ಬಂದಿರಲಿಲ್ಲ. ಮೊಣಕಾಲಿಗೆ ಏನೂ ಆಗಿಲ್ಲ. ಹನ್ನೊಂದು ವರ್ಷ ಗಾಣದಲ್ಲಿ ಬಲಕ್ಕೇ ಸುತ್ತಿದ ಕಾಲು ಇದು, ಕಾಡಿನಲ್ಲೂ ಬಲಕ್ಕೇ ಸುತ್ತಿತು. ನಲವತ್ತನೆಯ ಸಂಜೆ ನಾವು ತಲುಪಿದ್ದು ಮೊದಲ ರಾತ್ರಿ ಮಲಗಿದ್ದ ಮರವನ್ನೇ. ತೊಗಟೆಯಲ್ಲಿ ನನ್ನ ಕೊಂಬು ತಿಕ್ಕಿದ ಗುರುತಿತ್ತು. ನಿನ್ನ ಮುಖದ ಸಂತೋಷ ನೋಡಿ ಬಾಯಿ ಮುಚ್ಚಿಕೊಂಡೆ. ಕಾಗೆಗೂ ಹಿಂಡಿ ತಿನ್ನಿಸಿ ಬಾಯಿ ಮುಚ್ಚಿಸಿದೆ. ನಿನ್ನ ಸ್ವರ ನಿಜ, ಅಕ್ಕ. ದೂರ ಮಾತ್ರ ಸುಳ್ಳು. ಬಂದರೆ ಗುಟ್ಟು ರಟ್ಟಾದೀತೆಂದು ಹೆದರಿ ಎರಡು ವರ್ಷ ನಿನ್ನನ್ನು ಒಂಟಿಯಾಗಿ ಬಿಟ್ಟೆ. ಇದನ್ನು ಕೇಳಿದ ಮೇಲೂ ನಾನು ಬೇಕೆನಿಸಿದರೆ ಒಂದು ಮಾತು ಹೇಳಿ ಕಳಿಸು. ಬೆಳಿಗ್ಗೆ ಹೊರಟರೆ ಬಿಸಿಲೇರುವ ಮೊದಲೇ ನಿನ್ನ ಹತ್ತಿರ ಇರುತ್ತೇನೆ.