‘ತತೋ’ ನಡೆದು ಬಂದ ದಾರಿ

ಎತ್ತರಪೇಟೆ
೨೩೧೮ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕು

ಶರ್ವಾಣಿ ಅಜ್ಜಿಗೆ ನಿಂಬೆವ್ವ ಮಾಡುವ ನಮಸ್ಕಾರ.

ಹೇಗಿದ್ದೀರಿ? ನಿಮ್ಮ ತಮ್ಮ ನಿಜಗುಣಜ್ಜನ ಜ್ವರ ಇಳಿಯಿತೇ? ತಾಯಿ ಹಾಲಮ್ಮನವರ ಮಂಡಿನೋವು? ನಿಮ್ಮ ಡೈರಿ ಜ್ವರದ ದಿನಕ್ಕೇ ನಿಂತಿದೆ, ಅದಕ್ಕೇ ಕೇಳಿದೆ. ನಿಮಗಿನ್ನೂ ಇಪ್ಪತ್ತೆರಡು, ನನಗೆ ಎಪ್ಪತ್ತೊಂಬತ್ತು. ಆದರೂ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆಶೀರ್ವಾದ ಮಾಡಲೋ ಬೇಡಲೋ ತಿಳಿಯದು. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ, ಹಳೆ ಕಾಗದ ಓದಿ ನಾನೇ ಕಲಿತದ್ದು. ಹದಿಮೂರನೇ ತಿಂಗಳೂ ಕೈತಪ್ಪಲ್ಲ: ಚಳಿ ಮುಗಿಯುವುದೇ ಇಲ್ಲವೆಂದು ನಮ್ಮವರು ಒಂದು ತಿಂಗಳು ಹೆಚ್ಚಿಗೆ ಸೇರಿಸಿದ್ದಾರೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಆ ಅಂಚೆ ನಿಮ್ಮ ಕಾಲಕ್ಕೆ ಇಳಿಯುತ್ತದೆ, ಮರಳಿ ಹತ್ತುವುದಿಲ್ಲ.

ಇಲ್ಲಿ ಸೌದೆ ಕಡಿಮೆ, ಎರಡು ಮನೆಗೆ ಒಂದೇ ಒಲೆ. ಹಂಚಿಕೊಳ್ಳಲು ನಂಟು ಬೇಕು. ರಕ್ತದ್ದಾದರೂ ಸರಿ, ಮಾತಿನದಾದರೂ ಸರಿ. ಇಬ್ಬರ ಮನೆಮಾತಿನಲ್ಲೂ ಒಂದು ಹಳೆಯ ಮಾತಿದ್ದು, ಅದು ಬಂದ ದಾರಿಯನ್ನು ಹಿರಿಯರ ಸಭೆಗೆ ತೋರಿಸಿದರೆ ‘ಒಲೆನಂಟರು’ ಎಂದು ಬರೆದುಕೊಳ್ಳುತ್ತಾರೆ. ಪಕ್ಕದ ಮನೆಯ ರೂಝಾ ರೊಮಾನಿ ಮಾತಿನವಳು, ಒಂಟಿ, ಬಿಡದ ಕೆಮ್ಮು. ಹುಣ್ಣಿಮೆಯೊಳಗೆ ನಂಟು ತೋರಿಸದಿದ್ದರೆ ಅವಳು ನಾಲ್ಕು ದಿನ ಹಿಮದಲ್ಲಿ ನಡೆದು ತನ್ನ ಮಾತಿನವರ ಊರು ಸೇರಬೇಕು.

ರೊಟ್ಟಿ ಇಳಿಸುವಾಗ ಅವಳು “ತತೋ ಮನ್ರೋ” ಅನ್ನುತ್ತಾಳೆ. ಬಿಸಿ ರೊಟ್ಟಿ ಅಂತ. ಕೇಳಿದ್ದೇ ನಮ್ಮ ‘ತಪ್ತ’ ನೆನಪಾಗಿ ಸಭೆಗೆ ಓಡಿದೆ. ಅವಳ ಮಾತು ಕನ್ನಡದಿಂದಲೇ ಹೋದದ್ದು ಎಂದು ಎದೆ ತಟ್ಟಿ ಹೇಳಿಬಿಟ್ಟೆ. ಸಭೆಯ ಈರಭದ್ರಪ್ಪನವರು ನಕ್ಕರು: “ನಿಂಬೆವ್ವ, ಕೈ ಸುಟ್ಟಾಗ ನೀನು ತಪ್ತ ಅಂತೀಯೋ, ಬಿಸಿ ಅಂತೀಯೋ?” ಹೊರಗೆ ಬಂದರೆ ರೂಝಾಳದೂ ಶುರು: “ತಪ್ತ ನಿಮ್ಮ ಮಾತಿಗೂ ಹೊರಗಿನದೇ. ಮನೆಗೆ ಬಂದ ನೆಂಟನನ್ನು ಹೆತ್ತ ಮಗ ಅಂದೆಯಲ್ಲೇ ಮುದುಕಿ!”

ತಪ್ಪು ನನ್ನದೇ. ತಪ್ತ ನಮಗೆ ಸಂಸ್ಕೃತದಿಂದ, ಪುಸ್ತಕದ ದಾರಿಯಲ್ಲಿ ಬಂದದ್ದು. ಅದೇ ಮಾತು ಜನರ ಬಾಯಲ್ಲಿ ಸವೆದು ಪ್ರಾಕೃತದಲ್ಲಿ ‘ತತ್ತ’ ಆಯಿತು. ರೂಝಾಳ ಹಿರಿಯರು ಬಹು ಹಿಂದೆ ಉತ್ತರ ಭಾರತದಿಂದ ಅದನ್ನು ಹೊತ್ತು ಪಡುವಣಕ್ಕೆ, ಯುರೋಪಿನ ಕಡೆಗೆ ನಡೆದರು. ಅವರಲ್ಲಿ ಅದು ‘ತತೋ’. ಹೀಗೆ ತಿದ್ದಿ ಸಭೆಗೆ ಹೇಳಿದೆ. ಪುಸ್ತಕದ ಮಾತೂ ನಡೆಯುತ್ತದೆ, ಆದರೆ ಎರಡು ತುದಿ ಹೋಲುವುದು ಆಕಸ್ಮಿಕವೂ ಇರಬಹುದು, ನಡುವಿನ ಮಾತನ್ನು ಯಾರದಾದರೂ ಬಾಯಿಂದ ಕೇಳಿದ ಸಾಕ್ಷಿ ತಾ ಅಂದರು ಹಿರಿಯರು. ಈ ಬೆಟ್ಟದಲ್ಲಿ ‘ತತ್ತ’ ಅನ್ನುವವರು ಯಾರೂ ಇಲ್ಲ.

ನಿಮ್ಮ ಚಹಾದಂಗಡಿ ಹಿರಿಯೂರಿನ ಹೆದ್ದಾರಿಯಲ್ಲಿದೆಯಲ್ಲ, ಪಂಜಾಬಿನ ಲಾರಿಯವರು ನಿಲ್ಲುತ್ತಾರಂತೆ. ಅವರ ಮಾತಿನಲ್ಲಿ ಬಿಸಿಗೆ ‘ತತ್ತಾ’ ಅನ್ನುತ್ತಾರೆಂದು ಓದಿದ್ದೇನೆ. ಗ್ಲಾಸು ಕೈಗೆ ಕೊಟ್ಟು ಒಂದು ಗಳಿಗೆ ಅಲ್ಲೇ ನಿಂತು ಕೇಳಿ. ಯಾರಾದರೂ ‘ತತ್ತಾ’ ಅಂದರೆ ಅವರ ಹೆಸರು, ಊರು, ದಿನ ಬರೆದು ನಿಮ್ಮ ತಗಡಿನ ಪೆಟ್ಟಿಗೆಯಲ್ಲಿಡಿ. ಆ ಪೆಟ್ಟಿಗೆ ಈಗ ನನ್ನ ಮಂಚದ ಕೆಳಗಿದೆ. ಇವತ್ತು ಬೆಳಿಗ್ಗೆ ತೆಗೆದು ನೋಡಿದೆ, ನಿಮ್ಮ ಡೈರಿ ಬಿಟ್ಟರೆ ಇನ್ನೂ ಏನೂ ಇಲ್ಲ. ಹುಣ್ಣಿಮೆಗೆ ಆರೇ ದಿನ. ಬೇಗ ಬರೆಯಿರಿ ಅಜ್ಜಿ.