ವಿತೊಮಿರನ ಕಾರು ಪತ್ರಿಕೆಗಳ ಮರಣ ಪ್ರಕಟಣೆ

10 ನವೆಂಬರ್ 2018, ಶನಿವಾರ, ಮಧ್ಯಾಹ್ನ

ಸೆಪ್ಟೆಂಬರಿನಲ್ಲಿ ಸಂಸ್ಕೃತಿ ಭವನದಲ್ಲಿಡುತ್ತೇವೆಂದು ನಮ್ಮ ಮನೆಯಿಂದ ಒಯ್ದ ಕಾರು ಪತ್ರಿಕೆಗಳನ್ನು ಇವತ್ತು ಬೆಳಿಗ್ಗೆ ಒಂದು ಕಾಫಿ ಅಂಗಡಿಯ ಕಕ್ಕಸಿನ ಗೋಡೆಯ ಮೇಲೆ ನೋಡಿದೆ.

ಶನಿವಾರದ ಸಂತೆಗೆ ಹೋಗಿದ್ದೆ. ಉಪ್ಪಿನಲ್ಲಿ ಹಾಕಿಡಲು ಎಲೆಕೋಸು ಕೊಂಡೆ. ಚಳಿ ಬೇರೆ, ಅವಸರ ಬೇರೆ. ಮೂಲೆಯಲ್ಲಿ ಹೊಸ ಅಂಗಡಿ — ಹೆಸರು ‘ಕಾರ್ಬುರೇಟರ್’. ಒಂದು ಕಾಫಿ ಹೇಳಿ ನೇರ ಕಕ್ಕಸಿಗೆ ಹೋದೆ. ಕೂತು ತಲೆಯೆತ್ತಿದರೆ ಎದುರಿಗೆ 1974ರ ಒಂದು ಕಾರಿನ ಪರೀಕ್ಷಾ ವರದಿ, ಮೇಲೆ ಫಳಫಳ ವಾರ್ನಿಷ್. ‘ನೂರು ಕಿಲೋಮೀಟರಿಗೆ ಏಳು ಲೀಟರ್’ ಎಂಬ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಬರಹ: ‘ಸುಳ್ಳು. ಒಂಬತ್ತು. ನಾನೇ ಓಡಿಸಿದ್ದೇನೆ.’

ವಿತೊಮಿರನ ಅಕ್ಷರ. ನನ್ನ ಗಂಡನದು.

ಹೊರಗೆ ಬಂದು ಗೋಡೆ ಗೋಡೆ ನೋಡಿದೆ. ಹೊದಿಕೆಗಳನ್ನು ಕತ್ತರಿಸಿ ಮೇಜುಗಳಿಗೆ ಅಂಟಿಸಿದ್ದಾರೆ. ದೀಪದ ಮುಸುಕಿಗೆ 1966ರ ಪುಟಗಳು. ಬಾಗಿಲಿನ ಹಿಂದೆ ಎಂಜಿನ್ನಿನ ಸೀಳುಚಿತ್ರ, ಅರ್ಧ ಮಾತ್ರ. ಮಾಲೀಕ ಒಗ್ನೆನ್ ಎಂಬ ಗಡ್ಡದ ಹುಡುಗ, ಹೆಮ್ಮೆಯಿಂದ ಪಕ್ಕಕ್ಕೆ ಬಂದು ನಿಂತ.

“ಚೆನ್ನಾಗಿದೆ ಅಲ್ವಾ ಅಜ್ಜಿ? ಎಲ್ಲಾ ಒರಿಜಿನಲ್.”

ಎಲ್ಲಿ ಸಿಕ್ಕಿತು ಎಂದೆ. ತನ್ನ ಕುಮ್ ಕೊಟ್ಟದ್ದಂತೆ — ತನ್ನ ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವನು. ಭವನದಲ್ಲಿ ಎಸೆಯಲು ಇಟ್ಟಿದ್ದರಂತೆ. ಯಾರಪ್ಪಾ ನಿನ್ನ ಕುಮ್ ಎಂದರೆ, ಭವನದ ನಿರ್ದೇಶಕ ರತಿಬೋರ್.

ಕಾಫಿ ಕುಡಿಯಲಿಲ್ಲ. ಕೋಸು ಅಲ್ಲೇ ಮರೆತು ಬಂದೆ.

ಅದೇ ದಿನ, ಸಂಜೆ

ಒಗ್ನೆನ್‌ಗೆ ರತಿಬೋರ್ ಕುಮ್ ಆದರೆ, ರತಿಬೋರನಿಗೆ ವಿತೊಮಿರ್ ಕುಮ್; ಹೀಗೆ ಸಾಕ್ಷಿಯಿಂದ ನಂಟಾದವರು ಇಬ್ಬರೂ ಒಬ್ಬರನ್ನೊಬ್ಬರು ಕುಮ್ ಎನ್ನುತ್ತಾರೆ. ಅವನ ಮದುವೆಯಲ್ಲಿ ಮೇಣದಬತ್ತಿ ಹಿಡಿದು ಬೆನ್ನ ಹಿಂದೆ ನಿಂತು ದೇವರೆದುರು ಸಾಕ್ಷಿ ಹೇಳಿದವನು ನನ್ನ ಗಂಡ. ಅಂಥವನ ಹತ್ತಿರ ರಸೀದಿ ಕೇಳುವುದುಂಟೆ? ಈ ಊರಿನಲ್ಲಿ ಕುಮ್‌ಗಳ ನಡುವೆ ಕಾಗದ ಬಂದರೆ ನಂಟು ಹರಿಯಿತು ಎಂದೇ ಅರ್ಥ. ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ವಿತೊ ಊರಿನ ಕಾರು ಕಾರ್ಖಾನೆಯಲ್ಲಿ ಪರೀಕ್ಷಾ ಚಾಲಕನಾಗಿದ್ದ. ಹುಡುಗನಾಗಿದ್ದಾಗಿನಿಂದ ಕೂಡಿಟ್ಟ ಪತ್ರಿಕೆಗಳು. ಬೀದಿಯಲ್ಲಿ ಯಾರ ಫಿಚಾ — ಆ ಕಾರ್ಖಾನೆಯ ಪುಟ್ಟ ಕಾರು — ಕೆಮ್ಮಿದರೂ ನಮ್ಮ ಅಡುಗೆಮನೆಗೆ ಬರುತ್ತಿದ್ದರು. ವಿತೊ ಕಪಾಟಿನ ಮುಂದೆ ನಿಂತು, ಬೆರಳಾಡಿಸಿ, ಒಂದನ್ನು ಎಳೆದು ಮೇಜಿನ ಮೇಲೆ ಬಿಡಿಸುತ್ತಿದ್ದ. ಜನ ನಿಂತಲ್ಲೇ ಓದಿ, ಕಾಫಿ ಕುಡಿದು, ಮಸಿ ಕೈಯಲ್ಲೇ ಹೋಗುತ್ತಿದ್ದರು. ಅವನ ಸೊಂಟದ ಆಪರೇಷನ್ ಆದ ಮೇಲೆ ಮೆಟ್ಟಿಲಿನ ಮನೆ ಬಿಟ್ಟು ನೆಲಮಾಳಿಗೆಯಲ್ಲದಿದ್ದರೂ ನೆಲಕ್ಕಂಟಿದ ಈ ಎರಡು ಕೋಣೆಗೆ ಬಂದೆವು. ಕಪಾಟುಗಳು ಹಿಡಿಸಲಿಲ್ಲ. ಗ್ರಂಥಾಲಯದವರು ಧೂಳು ಎಂದರು. ಹಳೆ ಪುಸ್ತಕದವನು ಹೊದಿಕೆಗಳು ಮಾತ್ರ ಸಾಕು ಎಂದ. ವಿತೊ ಅವನನ್ನು ಬಾಗಿಲಿನವರೆಗೆ ಬಿಟ್ಟು ಬಂದ.

ಆಗ ರತಿಬೋರ್ ತಾನಾಗಿ ಬಂದ. ಭವನದಲ್ಲಿ ಒಂದು ಮೂಲೆ, ಉದ್ದ ಮೇಜು, ಕೈಯಿರುವ ಕುರ್ಚಿ. “ಏಪ್ರಿಲ್ಲಿಗೆ ನೀವೇ ನಡ್ಕೊಂಡ್ ಬಂದು ಕೂತ್ಕೋಬೇಕು ಕುಮ್” ಎಂದ. ಆ ಕುರ್ಚಿಗಾಗಿಯೇ ನನ್ನ ಗಂಡ ದಿನವೂ ನಡಿಗೆಯ ಚೌಕಟ್ಟು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಾನೆ.

ಕೋಸು ಎಲ್ಲಿ ಎಂದು ಕೇಳಿದ. ಒಳ್ಳೇದು ಇರಲಿಲ್ಲ ಎಂದೆ.

12 ನವೆಂಬರ್, ಸೋಮವಾರ

ಭವನಕ್ಕೆ ಹೋದೆ. ರತಿಬೋರ್ ಎದ್ದು ನಿಂತು ಮೂರು ಸಲ ಕೆನ್ನೆಗೆ ಮುತ್ತಿಟ್ಟ, ಸಂಪ್ರದಾಯದ ಪ್ರಕಾರ. ಮೂಲೆ ಎಲ್ಲಿ ಎಂದೆ. ತೋರಿಸಿದ — ಅಲ್ಲಿ ಒಂದು ಕಾಫಿ ಯಂತ್ರ, ಒಂದು ಒಣಗಿದ ಗಿಡ.

ಸಮರ್ಥನೆ ಸಿದ್ಧವಾಗಿತ್ತು. ಕಪಾಟಿನಲ್ಲಿದ್ದರೆ ಯಾರು ನೋಡುತ್ತಿದ್ದರು, ಗೋಡೆಯ ಮೇಲಾದರೆ ಊರೇ ನೋಡುತ್ತದೆ. ಪತ್ರಿಕೆಗಳಿಗೆ ಹೊಸ ಬದುಕು ಸಿಕ್ಕಿದೆ. ಕತ್ತರಿಸದೆ ಉಳಿದದ್ದು ಒಗ್ನೆನ್‌ನ ಉಗ್ರಾಣದಲ್ಲಿದೆ, ವಸಂತದಲ್ಲಿ ಅವನು ಇನ್ನೊಂದು ಅಂಗಡಿ ತೆರೆಯುತ್ತಾನೆ. ಅಂದರೆ ಅದೂ ಕತ್ತರಿಗೆ.

“ಕುಮ್ ಬಂದು ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತಾ ಕುಮಾ? ನೀವೇ ಹೇಳಿ.”

ಹೌದು. ಹೆಂಗಸರಿಗೆ ಕುಮಾ. ನನ್ನನ್ನು ಹಾಗೆ ಕರೆದು, ನನ್ನ ಕೈಯಿಂದ ರಸೀದಿಯಿಲ್ಲದೆ ಒಯ್ದ ಅದೇ ನಂಟನ್ನು ಈಗ ನನ್ನೆದುರೇ ಕೊಡೆಯಂತೆ ಹಿಡಿದ. ಎಲ್ಲವನ್ನೂ ವಾಪಸ್ ತರಿಸು ಎಂದೆ. ಅವನು ಸಣ್ಣ ದನಿಯಲ್ಲಿ, ಕಾಯಿಲೆಯವರನ್ನು ವಿಚಾರಿಸುವಂತೆ ಕೇಳಿದ:

“ಕೊಟ್ಟಿದ್ದಕ್ಕೆ ಕಾಗದ ಏನಾದ್ರೂ ಇದೆಯಾ ಕುಮಾ?”

ಮನೆಗೆ ಹೇಗೆ ಬಂದೆನೋ ನೆನಪಿಲ್ಲ.

ಬೇರೆಯದು ನೆನಪಿದೆ. ತೊಂಬತ್ತಮೂರರ ಚಳಿಗಾಲ, ದಿಗ್ಬಂಧನದ ಕಾಲ. ಸಂಬಳದಿಂದ ಒಂದು ಬ್ರೆಡ್ಡೂ ಬರುತ್ತಿರಲಿಲ್ಲ, ಒಲೆಗೆ ಕಟ್ಟಿಗೆ ಇರಲಿಲ್ಲ. ಪ್ರಾಧ್ಯಾಪಕರು ವಿಶ್ವಕೋಶ ಸುಟ್ಟರು, ತಪ್ಪು ಹೇಳುವುದಿಲ್ಲ. ನಾವು ಎರಡು ಕುರ್ಚಿ ಸುಟ್ಟೆವು, ಆಮೇಲೆ ಬಾಗಿಲಿನ ಚೌಕಟ್ಟು. ಒಂದು ಸಂಚಿಕೆಯನ್ನೂ ಒಲೆಗೆ ಹಾಕಲಿಲ್ಲ. ಹಸಿವು ಮುಟ್ಟದ್ದನ್ನು ಈಗ ಅಲಂಕಾರ ಮುಟ್ಟಿತು.

15 ನವೆಂಬರ್

ಊರಿನ ವಾರಪತ್ರಿಕೆಯ ಕಚೇರಿಗೆ ಪತ್ರ ಕೊಟ್ಟೆ. ನಾನು ಜೀವಮಾನವೆಲ್ಲ ಕರಡು ತಿದ್ದಿದ ಕಚೇರಿ. ಹೊಸ ಸಂಪಾದಕ ಓದಿ, ಒಳ್ಳೆಯ ಭಾಷೆ ಎಂದು ಹೊಗಳಿ, ಮಡಚಿ ವಾಪಸ್ ಕೊಟ್ಟ. ‘ಕಾರ್ಬುರೇಟರ್’ ಪ್ರತಿ ವಾರ ಜಾಹೀರಾತು ಕೊಡುತ್ತದಂತೆ.

ವಿತೊ ಇವತ್ತು ಹೊರಬಾಗಿಲು ಮುಟ್ಟಿ ವಾಪಸ್ ಬಂದ. ಬೆವರು. “ಭವನಕ್ಕೆ ಎಷ್ಟು ಮೆಟ್ಟಿಲು?” ನಾಲ್ಕು ಎಂದೆ. ಲೆಕ್ಕ ಹಾಕುತ್ತ ಮಲಗಿದ.

21 ನವೆಂಬರ್, ಬುಧವಾರ

ನಮ್ಮ ಮನೆದೇವರು ಸಂತ ಮಿಖಾಯಿಲನ ದಿನ. ಮೊಂಬತ್ತಿ, ಹಬ್ಬದ ಬ್ರೆಡ್ಡು, ಅಕ್ರೋಟು ಹಾಕಿ ಕುಟ್ಟಿದ ಬೇಯಿಸಿದ ಗೋಧಿ. ಈ ದಿನ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಬೇಡ ಎನ್ನುವುದೂ ಇಲ್ಲ. ಬಾಗಿಲು ತೆರೆದೇ ಇರುತ್ತದೆ. ಕುಮ್ ಬರದೇ ಇದ್ದರೆ ಊರು ಕೇಳುತ್ತದೆ. ಆದ್ದರಿಂದ ಅವನು ಬಂದ, ವೈನಿನ ಬಾಟಲಿ ಹಿಡಿದು.

ಮೇಜಿನ ತಲೆಯಲ್ಲಿ ಕೂರಿಸಿದೆ. ಬಡಿಸಿದೆ. ಮನೆದೇವರ ದಿನ ಮನೆಗೆ ಬಂದವನಿಗೆ ಅವಮಾನ ಮಾಡುವಂತಿಲ್ಲ — ಹಲ್ಲು ಕಚ್ಚಿದೆ, ನಾಲಿಗೆಯನ್ನೂ.

ವಿತೊ ಗೋಧಿಯ ಚಮಚ ಕೆಳಗಿಟ್ಟು ಕೇಳಿದ. “ರತಿಬೋರ್, ಆ ಮೊದಲನೇ ಸಂಚಿಕೆ. ಹೊದಿಕೆ ಮೇಲೆ ಫಿಚಾ ಇರೋದು, ಎಣ್ಣೆ ಕಲೆ ಆಗಿರೋದು. ಬಿಸಿಲು ಬೀಳದ ಕಡೆ ಇಟ್ಟಿದ್ದೀಯ ತಾನೆ?”

“ಗಾಜಿನ ಪೆಟ್ಟಿಗೇಲಿ ಇಟ್ಟಿದ್ದೀನಿ ಕುಮ್. ಸ್ಕೂಲ್ ಮಕ್ಕಳು ಸಾಲಾಗಿ ಬಂದು ನೋಡ್ತಾರೆ.”

“ಕಲೆ ಒರೆಸ್ಬೇಡಿ.”

“ಮುಟ್ಟೋಕೇ ಬಿಡಲ್ಲ.”

ವಿತೊ ತಲೆಯಾಡಿಸಿದ. ರತಿಬೋರನ ತಟ್ಟೆಗೆ ಇನ್ನೊಂದು ಚಮಚ ಗೋಧಿ ತಾನೇ ಹಾಕಿದ.

ಎಲ್ಲರೂ ಹೋದ ಮೇಲೆ ವಿತೊ ನನ್ನನ್ನು ಕರೆದ. “ಮುದುಕೀ, ಹಾಸಿಗೆ ಎತ್ತು.” ಎತ್ತಿದೆ. ಮಡಚಿದ ಟವೆಲಿನೊಳಗೆ ಮೊದಲನೇ ಸಂಚಿಕೆ. ಫಿಚಾ, ಎಣ್ಣೆಯ ಕಲೆ, ಎಲ್ಲ. ಒಂದನ್ನು ಕೊಡಲು ಮನಸ್ಸು ಬಂದಿರಲಿಲ್ಲವಂತೆ, ನನಗೆ ಹೇಳಲು ನಾಚಿಕೆಯಾಯಿತಂತೆ.

“ಸಂತೆಯಿಂದ ಬರಿಗೈಲಿ ಬಂದ ದಿನದಿಂದ ನಿನ್ನ ಸದ್ದೇ ಬೇರೆ ಆಗಿದೆ” ಎಂದ. “ಎಂಜಿನ್ ಸದ್ದು ಬದಲಾದ್ರೆ ನನಗೆ ಗೊತ್ತಾಗಲ್ವಾ? ಈಗ ಹೇಳು.”

ಹೇಳಿದೆ. ಎಲ್ಲವನ್ನೂ. ಕಕ್ಕಸಿನಲ್ಲಿ ಇರುವುದು ಯಾವ ಪುಟ ಎಂದು ಕೇಳಿದ. ಏಳು ಲೀಟರಿನದು ಎಂದೆ.

“ಅದು ಅಲ್ಲಿಗೇ ಲಾಯಕ್ಕು.”

ನಕ್ಕ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. ಹೆಗಲು ಅಲುಗುತ್ತಿತ್ತು. ಮೊಂಬತ್ತಿ ತಾನಾಗಿ ಆರುವವರೆಗೆ ಪಕ್ಕದಲ್ಲೇ ಕೂತೆ.

23 ನವೆಂಬರ್

ಎರಡು ದಿನದಿಂದ ನಡಿಗೆಯ ಚೌಕಟ್ಟು ಮುಟ್ಟಿಲ್ಲ. ಎಲ್ಲಿಗೆ ನಡೆಯಲಿ ಎನ್ನುತ್ತಾನೆ.

24 ನವೆಂಬರ್, ಶನಿವಾರ

ಬ್ರೆಡ್ಡಿಗೆ ಹೋಗುವಾಗ ದೀಪದ ಕಂಬದ ಮುಂದೆ ನಿಂತೆ. ಕಪ್ಪು ಅಂಚಿನ ಕಾಗದ: ಮೇಲಿನ ಬೀದಿಯ ದರ್ಜಿ ಹೋದನಂತೆ. ಫೋಟೋ, ವಯಸ್ಸು, ದುಃಖತಪ್ತರ ಹೆಸರು. ಈ ಊರಿನಲ್ಲಿ ಪೇಪರ್ ಓದದವರೂ ಇದನ್ನು ನಿಂತು ಓದುತ್ತಾರೆ. ಸರ್ಕಾರದ ಪೋಸ್ಟರನ್ನು ಹರಿಯುತ್ತಾರೆ, ಇದನ್ನು ಯಾರೂ ಹರಿಯುವುದಿಲ್ಲ. ಮಳೆ ಹರಿಯಬೇಕು, ಇಲ್ಲವೆ ಗಾಳಿ.

ಮನೆಗೆ ಮರಳಿ, ವಿತೊನಿಗೆ ಹೇಳಿ, ಟವೆಲಿನ ಗಂಟು ಎತ್ತಿಕೊಂಡು ನೇರ ತಿಹೊಮಿರನ ಅಂಗಡಿಗೆ ಹೋದೆ. ಶವಪೆಟ್ಟಿಗೆ ಮಾರುವವನು, ಈ ಕಾಗದಗಳನ್ನು ಅಚ್ಚು ಹಾಕುವವನೂ ಅವನೇ. ನನ್ನನ್ನು ಕಂಡು ಟೋಪಿ ತೆಗೆದ.

“ವಿತೊಮಿರಣ್ಣ...?”

“ಅವನು ಬದುಕಿದ್ದಾನೆ. ಅವನ ಪತ್ರಿಕೆಗಳು ತೀರ್ಕೊಂಡ್ವು.”

ಅವನು ಟೋಪಿಯನ್ನು ಮತ್ತೆ ಹಾಕಿಕೊಳ್ಳಲೋ ಬೇಡವೋ ಎಂದು ಹಿಡಿದುಕೊಂಡೇ ಇದ್ದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತ. ವಯಸ್ಸು? ಮೊದಲ ಸಂಚಿಕೆಯಿಂದ ಲೆಕ್ಕ ಹಾಕಿ ಅರವತ್ತು ಎಂದೆ. ಫೋಟೋ? ಟವೆಲಿನಿಂದ ಮೊದಲ ಸಂಚಿಕೆ ತೆಗೆದುಕೊಟ್ಟೆ.

“ಮೇಲೆ ಶಿಲುಬೆ ಹಾಕ್ಲಾ ಅಕ್ಕಾ, ಕೆಂಪು ನಕ್ಷತ್ರ ಹಾಕ್ಲಾ? ಕೆಲವರು ಕಮ್ಯುನಿಸ್ಟ್ ಪಾರ್ಟಿಯವರು.”

“ಸ್ಟೀರಿಂಗ್ ಹಾಕು.”

ಮನೆಗೆ ಬಂದ ಮೇಲೆ ಸಾಲುಗಳನ್ನು ವಿತೊ ಹೇಳಿದ, ನಾನು ತಿದ್ದಿದೆ. ಬೆಳಿಗ್ಗೆಯಿಂದ ಮೊದಲ ಸಲ ಎದ್ದು ಕೂತ. ‘ನಿಧನರಾದರು’ ಬೇಡ ಎಂದ, ತಾವಾಗಿ ಸತ್ತಂತಾಗುತ್ತದೆ. ‘ಕತ್ತರಿಸಲ್ಪಟ್ಟು ಗೋಡೆಗೆ ಅಂಟಿಸಲ್ಪಟ್ಟರು’ ಎಂದಾಯಿತು. ಕೆಳಗೆ: ‘ಬದುಕುಳಿದವರು ಒಗ್ನೆನ್‌ನ ಉಗ್ರಾಣದಲ್ಲಿದ್ದಾರೆ. ಅವರನ್ನು ಸಿಮೆಯೂನನ ಟೈರ್ ಅಂಗಡಿಗೆ ತಲುಪಿಸಬೇಕು. ಇವರನ್ನು ಕೊಡಲು ಯಾರನ್ನು ಕೇಳಿದಿರಿ? ಸಂಸ್ಕೃತಿ ಭವನದ ನಿರ್ದೇಶಕರು ಡಿಸೆಂಬರ್ 2ರ ಭಾನುವಾರ ಹನ್ನೊಂದು ಗಂಟೆಗೆ ಭವನದ ಮೆಟ್ಟಿಲ ಮೇಲೆ ನಿಂತು ಊರಿಗೆ ಉತ್ತರಿಸಬೇಕು. ದುಃಖತಪ್ತರು: ವಿತೊಮಿರ್, ಲೆಪೊಸಾವಾ.’

ಟೈರ್ ಅಂಗಡಿ ವಿತೊನ ಯೋಚನೆ. ಸಿಮೆಯೂನ್ ಅವನ ಹಳೆಯ ಜೊತೆಗಾರ, ಹಿಂದಿನ ಕೋಣೆ ಖಾಲಿ ಇದೆ, ಒಣಗಿದೆ. ಫೋನಿನಲ್ಲಿ ಒಂದೇ ಮಾತಿಗೆ ಒಪ್ಪಿದ. “ಚಳಿಗಾಲದ ಟೈರ್ ಹಾಕ್ಸೋಕೆ ಬಂದವ್ರು ಒಂದು ಗಂಟೆ ಕಾಯ್ತಾ ಕೂತಿರ್ತಾರೆ” ಎಂದ ವಿತೊ. “ಓದದೆ ಏನ್ಮಾಡ್ತಾರೆ?”

27 ನವೆಂಬರ್

ಅಂಟು, ಬ್ರಷ್, ನಾನು. ಸಂತೆ, ಬಸ್ ನಿಲ್ದಾಣ, ಚರ್ಚಿನ ಗೇಟು, ಕಾರ್ಖಾನೆಯ ಗೋಡೆ. ಭವನದ ಬಾಗಿಲು. ಕೊನೆಗೆ ‘ಕಾರ್ಬುರೇಟರ್’ನ ಗಾಜು. ಒಬ್ಬ ಮುದುಕಿ ಓದುವ ಮೊದಲೇ ಶಿಲುಬೆ ಎಳೆದುಕೊಂಡಳು, ಓದಿದ ಮೇಲೆ ಇನ್ನೊಮ್ಮೆ ಎಳೆದುಕೊಂಡಳು.

29 ನವೆಂಬರ್, ಗುರುವಾರ

ರತಿಬೋರ್ ಫೋನ್ ಮಾಡಿದ.

“ಮನೆ ಮಾತು ಬೀದಿಗೆ ತಂದ್ರಲ್ಲ ಕುಮಾ.”

“ಬೀದಿಗೆ ತಂದವನು ನೀನು. ನಾನು ಕಂಬಕ್ಕೆ ಹಚ್ಚಿದೆ, ಅಷ್ಟೆ.”

ಒಂದು ಪ್ರಸ್ತಾಪವಿತ್ತು. ಉಳಿದದ್ದನ್ನು ನಾಳೆಯೇ ಸದ್ದಿಲ್ಲದೆ ವಾಪಸ್ ಮಾಡಿಸುತ್ತಾನೆ. ನಾವು ಕಾಗದಗಳನ್ನು ಕಿತ್ತು ಹಾಕಬೇಕು, ಭಾನುವಾರ ಬೇಡ, ನಮ್ಮ ಅಡುಗೆಮನೆಯಲ್ಲೇ ಕಾಫಿ ಕುಡಿಯುತ್ತ ಮಾತಾಡೋಣ. ನನ್ನ ಎದೆ ಒಮ್ಮೆ ಒಪ್ಪಿತು, ಸುಳ್ಳು ಬರೆಯುವುದಿಲ್ಲ. ಉಳಿದದ್ದು ಸಿಕ್ಕಿದರೆ ಸಾಕು ಅನ್ನಿಸಿತು. ವಿತೊನ ಕೈಗೆ ಫೋನ್ ಕೊಟ್ಟೆ.

“ಸಾವಿನ ಕಾಗದ ಕಿತ್ತವರನ್ನ ಈ ಊರಲ್ಲಿ ನೋಡಿದ್ದೀಯಾ ರತಿಬೋರ್?” ಎಂದ. “ನಿನ್ನ ಮದ್ವೇಲಿ ನಾನು ಅಡುಗೆಮನೇಲಿ ಸಾಕ್ಷಿ ಹೇಳ್ಲಿಲ್ಲ. ಎಲ್ಲರೆದುರು ಹೇಳ್ದೆ.”

ಫೋನ್ ಇಟ್ಟ. ಉಳಿದದ್ದನ್ನೂ ಕಳೆದುಕೊಂಡೆವೇನೋ ಅನ್ನಿಸಿತು.

1 ಡಿಸೆಂಬರ್, ಶನಿವಾರ

ಸಿಮೆಯೂನ್ ಫೋನ್ ಮಾಡಿದ, ಕೂಡಲೇ ಬನ್ನಿ ಎಂದು. ಕಾರು ಕಳಿಸಿದ. ವಿತೊ ಚೌಕಟ್ಟು ಹಿಡಿದು ಹೊರಟ — ಈ ಮನೆಗೆ ಬಂದ ಮೇಲೆ ಮೊದಲ ಸಲ ಬೀದಿಗೆ.

ಟೈರ್ ಅಂಗಡಿಯ ಮುಂದೆ ಒಗ್ನೆನ್‌ನ ವ್ಯಾನು. ತಾನೇ ಹೊತ್ತು ಇಳಿಸುತ್ತಿದ್ದ. ರತಿಬೋರನನ್ನು ಕೇಳಲಿಲ್ಲವಂತೆ.

“ಗಾಜಿನ ಮೇಲೆ ಸಾವಿನ ಕಾಗದ ಇದ್ರೆ ಯಾರು ಕಾಫಿ ಕುಡಿಯೋಕೆ ಬರ್ತಾರೆ ಅಜ್ಜಿ? ಕೀಳೋಕೂ ಕೈ ಬರಲ್ಲ.” ಆಮೇಲೆ ವಿತೊನ ಮುಖ ನೋಡದೆ, “ನನಗೆ ಎಸೆಯೋದು ಅಂದ್ರು. ಬರಹ ಇರೋದು ಅಂಟಿಸೋವಾಗ ನೋಡ್ದೆ. ಇದನ್ನ ಯಾರೋ ಓದಿದ್ದಾರೆ ಅನ್ನಿಸ್ತು... ನಿಲ್ಲಿಸ್ಲಿಲ್ಲ.”

ವಿತೊ ಒಂದು ಕಟ್ಟು ಬಿಚ್ಚಿದ. ಎಂಬತ್ತರ ದಶಕ. ಮೊದಲ ಎರಡು ದಶಕಗಳು ಬಹುಪಾಲು ಗೋಡೆಯಲ್ಲಿವೆ, ವಾರ್ನಿಷಿನ ಕೆಳಗೆ, ವಾಪಸ್ ಬರುವುದಿಲ್ಲ. ಅಷ್ಟರಲ್ಲಿ ಟೈರ್ ಬದಲಿಸಲು ಬಂದು ಬೆಂಚಿನಲ್ಲಿ ಕೂತಿದ್ದವನೊಬ್ಬ ಕೈಚಾಚಿ ಒಂದು ಸಂಚಿಕೆ ತೆಗೆದುಕೊಂಡ. ಓದಿ, ಅಂಚು ನೋಡಿ ನಕ್ಕ. ಇಲ್ಲಿ ಯಾರೋ ‘ಸುಳ್ಳು’ ಅಂತ ಬರೆದಿದ್ದಾರೆ, ನಿಜವಾಗಲೂ ಸುಳ್ಳಾ ಎಂದು ಕೇಳಿದ.

“ಸ್ವಲ್ಪ ಜರುಗು” ಎಂದ ವಿತೊ. ಪಕ್ಕದಲ್ಲಿ ಕೂತ.

ಸಂಜೆ ಸ್ಥಳೀಯ ರೇಡಿಯೋದಲ್ಲಿ ರತಿಬೋರನ ಹೇಳಿಕೆ ಓದಿದರು: ಸಂಗ್ರಹವನ್ನು ‘ದಾನಿಗಳ ಒಪ್ಪಿಗೆಯಿಂದಲೇ ಸಾರ್ವಜನಿಕ ಪ್ರದರ್ಶನಕ್ಕೆ’ ಇಡಲಾಗಿದೆ. ಪತ್ರಿಕೆಗಳು ಹೋದಾಗ ಕಳ್ಳತನ ಎಂದುಕೊಂಡಿದ್ದೆ. ಈಗ ನಮ್ಮ ಒಪ್ಪಿಗೆಯನ್ನೂ ಕದ್ದಿದ್ದಾನೆ. ವಿತೊ ಕೆಂಪು ಪೆನ್ಸಿಲ್ ಹುಡುಕುತ್ತಿದ್ದಾನೆ.

2 ಡಿಸೆಂಬರ್, ಭಾನುವಾರ, ಹನ್ನೊಂದಕ್ಕೆ ಸ್ವಲ್ಪ ಮುಂಚೆ

ಭವನದ ಎದುರಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಮಂಜು ಬೀಳುತ್ತಿದೆ, ಮಸಿ ಹರಡುತ್ತದೆ. ನೂರು ಜನರಿಗೂ ಹೆಚ್ಚು. ಟೋಪಿ ಹಿಡಿದು ತಿಹೊಮಿರ್. ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಒಗ್ನೆನ್. ವಿತೊ ನಾಲ್ಕು ಮೆಟ್ಟಿಲಲ್ಲಿ ಎರಡು ಹತ್ತಿ, ಚೌಕಟ್ಟಿಗೆ ಒರಗಿ ನಿಂತಿದ್ದಾನೆ. ಅವನು ರಾತ್ರಿ ಮನೆಯಲ್ಲೇ ಬರೆದುಕೊಟ್ಟ ಪ್ರಕಟಣೆಯನ್ನು ಬೆಳಿಗ್ಗೆ ನಾನು ಬಾಗಿಲಿಗೆ ಹಚ್ಚಿದೆ. ಕಪ್ಪು ಅಂಚಿನ ಪಕ್ಕದಲ್ಲಿ, ರೇಡಿಯೋದ ಆ ವಾಕ್ಯವನ್ನು ಬರೆದು, ಮುಂದೆ ಕೆಂಪಿನಲ್ಲಿ ‘ಸುಳ್ಳು’ ಎಂದು ಬರೆದಿದ್ದಾನೆ. ‘ಕೊಟ್ಟವನು ನಾನೇ. ಇದಕ್ಕೆ ಒಪ್ಪಿಲ್ಲ’ ಎಂದೂ.

ಮೇಲಿನ ಕಿಟಕಿಯ ಪರದೆ ಅಲುಗಿತು. ರತಿಬೋರ್ ಒಳಗಿದ್ದಾನೆ.

ಗಂಟೆ ಬಾರಿಸುತ್ತಿದೆ. ಇಷ್ಟು ಬರೆದು ಎದ್ದು ಕೂಗಬೇಕು. ಏನು ಕೂಗಬೇಕೆಂದು ತಿದ್ದಿ ಇಟ್ಟುಕೊಂಡಿದ್ದೇನೆ: ರತಿಬೋರ್, ಹೊರಗೆ ಬಾ. ನಮಗಲ್ಲ, ಈ ಊರಿಗೆ ಹೇಳು. ಯಾರ ಒಪ್ಪಿಗೆ? ಯಾವ ದಿನ, ಯಾರ ಬಾಯಿಂದ, ಯಾರೆದುರು ಕೇಳಿ ಪಡೆದ ಒಪ್ಪಿಗೆ? ಎಲ್ಲರಿಗೂ ಕೇಳುವ ಹಾಗೆ

ಬಾಗಿಲು ತೆರೆಯುತ್ತಿದೆ—