ಬಳಗವಿಲ್ಲದ ತೀರ್ಪುಗಾರ್ತಿ

ಸೌ. ತಂಗಿ ಪದ್ಮಾಬಾಯಿಗೆ ಅಣ್ಣನ ಆಶೀರ್ವಾದಗಳು.

ಈ ಪುಟ್ಟ ದ್ವೀಪದ ಕಾಲ್ಚೆಂಡು ತಂಡಗಳು ನಾಲ್ಕೇ. ಅವನ್ನು ನಡೆಸಲು ಒಂದು ಮಂಡಳಿ. ಅಧ್ಯಕ್ಷರ ಮಗ ಒಂದು ತಂಡದಲ್ಲಿ, ಅಳಿಯ ಇನ್ನೊಂದರಲ್ಲಿ. ಆದ್ದರಿಂದ ಇಲ್ಲಿನ ಶಾಲೆಯಲ್ಲಿ ಕಲಿಸುವ ನಮ್ಮ ಮೊಮ್ಮಗಳು ಸಂಪದಾಳನ್ನೇ ತೀರ್ಪುಗಾರ್ತಿಯಾಗಿ ನೇಮಿಸಿದ್ದಾರೆ. "ಅಜ್ಜಾ, ಇಲ್ಲೆ ಎಲ್ಲಾರೂ ಎಲ್ಲಾರಿಗೂ ಬೀಗರು. ಯಾರಿಗೂ ಏನೂ ಆಗದಾಕಿ ನಾ ಒಬ್ಬಾಕಿನ!" ಎಂದು ನಗುತ್ತಾಳೆ.

ನಿನ್ನೆ ಆಕೆ ಅಧ್ಯಕ್ಷರ ಮಗನನ್ನೇ ಆಟದಿಂದ ಹೊರಗಟ್ಟಿದಳು. ಹುದ್ದೆ ಹೋಯಿತೆಂದು ಹೆದರಿದೆ. ಸಂಜೆ ಮಂಡಳಿ ಸೇರಿದಾಗ ಅಧ್ಯಕ್ಷರೇ ಎದ್ದು ಮಗನಿಗೆ ಮುಂದಿನ ಪಂದ್ಯವನ್ನೂ ನಿಷೇಧಿಸಿದರು; ಸಂಪದಾಳನ್ನು ಬರುವ ವರ್ಷಕ್ಕೂ ನೇಮಿಸಿದರು.

ನನ್ನ ಮೊಣಕಾಲು ನೋವು ತಗ್ಗಿದೆ. "ಬಳಗ ಇಲ್ಲದ ಊರಾಗ ಕೂಸು ಹ್ಯಾಂಗ ಇರತದೋ ಅಣ್ಣಾ?" ಎಂದು ನೀನು ಶಿಗ್ಗಾಂವದ ನಿಲ್ದಾಣದಲ್ಲಿ ಅತ್ತಿದ್ದೆ. ಆ ಕೂಸು ಕೈಯೆತ್ತಿದರೆ ಇಲ್ಲಿ ಇಡೀ ದ್ವೀಪ ನಿಲ್ಲುತ್ತದೆ. ಅಂಚೆ ಕಾರ್ಡು ತುಂಬಿತು.

ನಿನ್ನ ಅಣ್ಣ,
ಧೀರೇಂದ್ರ